ಗೋಡೆಯ ಕಡೆ ಮುಖ ಮಾಡಿದ ಫ್ಯಾನು

ನಮ್ಮೂರಿನಲ್ಲಿ ಮಿಕ್ಸಿ ಕೆಟ್ಟರೆ ಜನ ಮೊದಲು ಯೋಚಿಸುವುದು ಅದಕ್ಕೆ ಏನಾಗಿದೆ ಎಂದಲ್ಲ, ರಿಪೇರಿಯಾಗಿ ಬಂದ ಮೇಲೆ ಅದು ಮನೆಯಲ್ಲಿ ಹೇಗೆ ನಡೆದುಕೊಳ್ಳಬೇಕು ಎಂದು. ಯಾಕೆಂದರೆ ನಮ್ಮಲ್ಲಿ ಯಾವ ವಸ್ತುವೇ ಆಗಲಿ, ರಿಪೇರಿ ಮಾಡಿದವರ ಗುಣ ಕಲಿತುಕೊಂಡೇ ಅಂಗಡಿಯಿಂದ ಹೊರಡುತ್ತದೆ. ಚಟ್ನಿ ನುಣ್ಣಗಾಗಬೇಕು ಅನ್ನುವವರು ಮಿಕ್ಸಿಯನ್ನು ರುದ್ರಾಣಮ್ಮನಿಗೆ ಕೊಡುತ್ತಾರೆ. ಆಕೆಯ ಕೋಪ ಎಂಥದ್ದೆಂದರೆ, ಆಕೆ ಮುಟ್ಟಿದ ಮಿಕ್ಸಿ ಒಣಕೊಬ್ಬರಿಯನ್ನು ಕಂಡ ಕೂಡಲೇ ಹಳೆಯ ದ್ವೇಷ ತೀರಿಸಿಕೊಳ್ಳುವವರ ಹಾಗೆ ಮೇಲೆ ಬೀಳುತ್ತದೆ. ಗಡಿಯಾರಕ್ಕೆ ಚಿಕ್ಕರಾಮಣ್ಣ ಒಬ್ಬನೇ ಗತಿ. ಅವನು ಮಧ್ಯಾಹ್ನ ಉಂಡು ಕೈ ತೊಳೆದ ಕೂಡಲೇ ಮಲಗುವವನಾದ್ದರಿಂದ ಊರಿನ ಗಡಿಯಾರಗಳೆಲ್ಲ ಊಟವಾದ ಮೇಲೆ ಒಂದು ನಿದ್ದೆ ತೆಗೆಯುತ್ತವೆ, ಅವು ಏಳುವ ತನಕ ಬ್ಯಾಂಕಿನವರೂ ಶಟರು ಎತ್ತುವುದಿಲ್ಲ. ಹುಸೇನ್ ಸಾಬರು ಸರಿಮಾಡಿದ ಸೈಕಲ್ಲು ಇಳಿಜಾರು ಸಿಕ್ಕಿದರೆ ಸಾಕು, ತಾನೇ ಬೆಲ್ಲು ಬಾರಿಸಿಕೊಂಡು ನಗುತ್ತಾ ಓಡುತ್ತದೆ. ಸಾವಿನ ಮನೆಗೆ ಹೊರಟವರು ಅದನ್ನು ಹತ್ತುವುದಿಲ್ಲ.

ಇನ್ನು ನಾನು, ತುಂಗಮ್ಮ. ಫ್ಯಾನು, ಇಸ್ತ್ರಿಪೆಟ್ಟಿಗೆ, ರೇಡಿಯೋ, ಹೀಗೆ ತಂದು ಕೊಟ್ಟ ಕರೆಂಟಿನ ಸಾಮಾನೆಲ್ಲ ರಿಪೇರಿ ಮಾಡುತ್ತೇನೆ. ನನ್ನ ಗುಣವೇನೆಂದು ನಾನು ಹೇಳಬೇಕಾಗಿಲ್ಲ, ನಾನು ಸರಿಮಾಡಿದ ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತರೆ ಅದೇ ಹೇಳುತ್ತದೆ. ಅದು ಸುಮ್ಮನಿರುವುದಿಲ್ಲ. ಒಂಟಿಯಾಗಿರುವವರು ಹುಡುಕಿಕೊಂಡು ಬಂದು ನನ್ನ ಕೈಯಲ್ಲೇ ರಿಪೇರಿ ಮಾಡಿಸುತ್ತಾರೆ, ಮನೆಯಲ್ಲಿ ಯಾರೋ ಇದ್ದಂತಾಗುತ್ತದೆ ಎನ್ನುತ್ತಾರೆ. ಹೊಸದಾಗಿ ಮದುವೆಯಾದವರು ಮಾತ್ರ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

ಊರಿನ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಓದುವವರಿಗೆ ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್ ಎಂದಿದೆ. ಯಾವುದಾದರೂ ಅಂಗಡಿಯಲ್ಲಿ ಕೂತು ಕೆಲಸ ಮಾಡಬೇಕು, ಕೊನೆಗೆ ಪರೀಕ್ಷಕರ ಎದುರಿಗೆ ತಾವು ಸರಿಮಾಡಿದ ಒಂದು ವಸ್ತುವನ್ನು ಓಡಿಸಿ ತೋರಿಸಬೇಕು. ಬೇರೆ ಊರುಗಳಲ್ಲಿ ಹುಡುಗರಿಗೆ ಕೆಲಸ ಬರುತ್ತದೋ ಇಲ್ಲವೋ ಎಂದು ನೋಡುತ್ತಾರಂತೆ. ನಮ್ಮಲ್ಲಿ ನೋಡುವುದು ಹುಡುಗ ಎಂಥವನು ಎಂದು. ಕೋಪಿಷ್ಠನಾದರೂ ಸರಿ, ಸೋಮಾರಿಯಾದರೂ ಸರಿ, ವಸ್ತು ಓಡುತ್ತಿರುವಾಗಲೇ ಅವನ ಗುಣ ಇಂಥದ್ದು ಎಂದು ನಾಲ್ಕು ಜನರ ಎದುರು ಗೊತ್ತಾಗಬೇಕು. ಗೊತ್ತಾಗದವನು ಪಾಸಾಗುವುದಿಲ್ಲ, ಪಾಸಾಗದ ಕೈಗೆ ನಮ್ಮೂರಿನಲ್ಲಿ ಒಂದು ಟಾರ್ಚನ್ನೂ ಯಾರೂ ಕೊಡುವುದಿಲ್ಲ. ಪ್ರತಿ ವರ್ಷ ನನ್ನ ಅಂಗಡಿಗೂ ಒಬ್ಬರನ್ನು ಹಾಕುತ್ತಾರೆ. ಹೋದ ವರ್ಷದ ಹುಡುಗಿಗೆ ಮದುವೆ ಗೊತ್ತಾಗಿತ್ತು. ಅವಳು ಸರಿಮಾಡಿದ ಇಸ್ತ್ರಿಪೆಟ್ಟಿಗೆಗಳು ಅಂಗಿಯ ಮೇಲೆ ನಿಂತಲ್ಲೇ ನಿಂತು ಕನಸು ಕಂಡವು, ಊರಿನ ಅರ್ಧ ಗಂಡಸರು ಬೆನ್ನ ಮೇಲೆ ಇಸ್ತ್ರಿಯ ಕಲೆ ಹೊತ್ತುಕೊಂಡು ಆಫೀಸಿಗೆ ಹೋದರು. ಅವಳು ಮೊದಲ ದರ್ಜೆಯಲ್ಲಿ ಪಾಸಾದಳು.

ಈ ವರ್ಷ ಬಂದವನು ಗವಿರಂಗ. ಊರಾಚೆ ಗುಡ್ಡದ ಮೇಲಿನ ಕುರಿಹಟ್ಟಿಯವನು. ಬಾಗಿಲಿಗೆ ತಲೆ ತಗಲದಂತೆ ಬಗ್ಗಿ ಒಳಗೆ ಬಂದ, ಬಂದ ಮೇಲೂ ನೆಟ್ಟಗಾಗದೆ ಬಗ್ಗಿಕೊಂಡೇ ನಿಂತ. ಅಷ್ಟು ದೊಡ್ಡ ಆಳು ಅಷ್ಟು ಕಡಿಮೆ ಜಾಗದಲ್ಲಿ ನಿಂತಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೆಸರೇನು, ತಿಂಡಿ ಆಯಿತಾ, ಮನೆಯಲ್ಲಿ ಯಾರ್ಯಾರಿದ್ದಾರೆ, ಹಾಸ್ಟೆಲಿನ ಊಟ ಹೇಗಿದೆ ಎಂದು ನಾನು ಒಂದೇ ಉಸಿರಿಗೆ ಕೇಳಿದೆ. ಅವನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಅದಕ್ಕೆ ತನ್ನ ಹೆಸರು ಹೇಳಿದ. ಮಿಕ್ಕ ಪ್ರಶ್ನೆಗಳಿಗೆ ಉತ್ತರಗಳು ದಿನಕ್ಕೊಂದರಂತೆ ಬಂದವು. ತಿಂಡಿ ಆಗಿಲ್ಲ ಎಂಬುದು ಮಾರನೆಯ ದಿನ ಗೊತ್ತಾಯಿತು.

ಕೆಲಸದಲ್ಲಿ ಅವನ ಕಡೆ ಬೆರಳು ಮಾಡಿ ತೋರಿಸುವಂಥ ತಪ್ಪಿರಲಿಲ್ಲ. ಮೋಟಾರಿಗೆ ತಾಮ್ರದ ತಂತಿ ಸುತ್ತಲು ಕೂತರೆ ಆ ದಪ್ಪ ಬೆರಳುಗಳು ಹೂ ಕಟ್ಟುವವರ ಬೆರಳಿನಂತೆ ಓಡುತ್ತಿದ್ದವು. ತೊಂದರೆ ಇದ್ದದ್ದು ಸರಿಯಾದ ಮೇಲೆ. ಅವನು ಮೊದಲು ರಿಪೇರಿ ಮಾಡಿದ್ದು ಹಾಲಿನ ಡೇರಿಯವರ ರೇಡಿಯೋ. ನಾವಿಬ್ಬರೂ ಹಿಂದಿನ ಕೋಣೆಯಲ್ಲಿದ್ದಾಗ ಅದು ಎದೆ ತುಂಬಿ ಹಾಡುತ್ತಿತ್ತು, ಡೇರಿಯವರು ಬಂದು ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ದನಿ ಇಳಿಸಿತು, ಅವರು ಕಿವಿ ಹತ್ತಿರ ತಂದರೆ ಬಾಯಿ ಮುಚ್ಚಿಬಿಟ್ಟಿತು. ಆಮೇಲೆ ಒಬ್ಬ ಅಜ್ಜಿಯ ಮಿಕ್ಸಿ. ನೋಡುತ್ತಾ ನಿಂತರೆ ಅಲುಗುವುದಿಲ್ಲ, ಬೆನ್ನು ತಿರುಗಿಸಿದರೆ ಸರಸರ ಅರೆದು, ಮತ್ತೆ ತಿರುಗಿ ನೋಡುವಷ್ಟರಲ್ಲಿ ಏನೂ ಅರಿಯದಂತೆ ಕೂತಿರುತ್ತದೆ. ಆ ಅಜ್ಜಿ ಬಹಳ ಹೊತ್ತು ಅದನ್ನೇ ನೋಡಿದರು. ತಾವೂ ಮದುವೆಯಾಗಿ ಬಂದ ಹೊಸದರಲ್ಲಿ ಹೀಗೇ ಇದ್ದದ್ದು, ಮಾವನವರ ಎದುರಿಗೆ ಒಂದು ತುತ್ತು ಉಂಡವರಲ್ಲ ಎಂದು ಹೇಳಿ, ಮಿಕ್ಸಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಕರೆದುಕೊಂಡು ಹೋದರು.

ಎಲ್ಲರೂ ಆ ಅಜ್ಜಿಯಂತಿರುತ್ತಾರೆಯೇ? ನೆಂಟರು ಬಂದ ಕೂಡಲೇ ಆರಿಹೋಗುವ ಟ್ಯೂಬ್‌ಲೈಟನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಒಬ್ಬರು ವಾಪಸು ತಂದರು. ಇನ್ನೊಬ್ಬರ ಕರೆಗಂಟೆ ಯಾರಾದರೂ ಒತ್ತಿದರೆ ಒಳಗೊಳಗೇ ಗೊಣಗಿಕೊಳ್ಳುತ್ತಿತ್ತೇ ಹೊರತು ಹೊರಗೆ ದನಿ ತೆಗೆಯುತ್ತಿರಲಿಲ್ಲ. ನಾನು ಅವನ್ನೆಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಕೂಡಿಸಿ ಕೊಟ್ಟೆ. ಬಿಚ್ಚಿ ತೊಳೆದರೆ ಹಳೆಯ ಗುಣ ಹೋಗುತ್ತದೆ. ಅವು ನನ್ನಂತೆ ಬಾಯಿಬಡುಕರಾಗಿ ತಂತಮ್ಮ ಮನೆಗೆ ಹೋದವು. ಗವಿರಂಗ ಅದನ್ನು ನೋಡುತ್ತಾ ಕೂತಿದ್ದ. ಬೇಜಾರಾಯಿತೇನೋ ಎಂದು ಕೇಳಿದೆ. ಇಲ್ಲ ಎಂದು ಕ್ಯಾಲೆಂಡರಿಗೆ ಹೇಳಿದ.

ಹೀಗೆ ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಅಂಗಡಿಗೆ ಬಂದೆ. ಅವನು ಹಿಂದಿನ ದಿನ ಸರಿಮಾಡಿದ್ದ ಸೀಲಿಂಗ್ ಫ್ಯಾನು ಪರೀಕ್ಷೆಗೆಂದು ತೂಗುಹಾಕಿದ್ದು ತಿರುಗುತ್ತಿತ್ತು. ನನ್ನನ್ನು ಕಂಡು ಅದು ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಒಂದು ಕ್ಷಣ ನಿಧಾನವಾಯಿತು, ಯಾರು ಎಂದು ನೋಡಿಕೊಂಡಂತೆ, ಮತ್ತೆ ತನ್ನ ಪಾಡಿಗೆ ತಾನು ತಿರುಗಿತು. ಎಂಥ ತಣ್ಣನೆ ಗಾಳಿ ಅದು! ನಾನು ಈ ವಯಸ್ಸಿನಲ್ಲಿ ಎಷ್ಟು ಫ್ಯಾನು ನೋಡಿಲ್ಲ, ಆದರೂ ಯಾಕೋ ಕಣ್ಣು ತುಂಬಿ ಬಂತು. ಗವಿರಂಗ ಒಳಗಿನಿಂದ ಬಂದು, ನೇರವಾಗಿ ನನ್ನ ಮುಖ ನೋಡಿ, ತಿಂಡಿ ಆಯಿತಾ ಅಕ್ಕಾ ಎಂದು ಕೇಳಿದ. ಅವತ್ತು ನಾನು ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳಿದೆ.

ಬೀದಿಯವರಿಗೂ ಅವನೆಂದರೆ ಪ್ರಾಣವಾಯಿತು. ರುದ್ರಾಣಮ್ಮ ತನ್ನ ಸ್ವಂತ ತಮ್ಮನಿಗೂ ನೆಟ್ಟಗೆ ಮಾತಾಡಿದವಳಲ್ಲ, ಇವನಿಗೆ ದಿನಾ ಬೆಳಿಗ್ಗೆ ಬಯ್ಯುತ್ತಲೇ ರೊಟ್ಟಿ ತಂದು ಕೊಡುತ್ತಿದ್ದಳು. ಹುಸೇನ್ ಸಾಬರು ಹೇಳಿದ ತಮಾಷೆಗೆ ಇವನು ಆಗ ನಗದೆ ಮಾರನೆಯ ದಿನ ಒಬ್ಬನೇ ಇದ್ದಾಗ ನಗುತ್ತಿದ್ದ, ಸಾಬರು ಆ ನಗು ಕೇಳಲು ಅಂಗಡಿಯ ಹಿಂದೆ ಬಂದು ನಿಲ್ಲುತ್ತಿದ್ದರು. ಚಿಕ್ಕರಾಮಣ್ಣ ಮಲಗಿದ್ದಾಗ ಅವನ ಅಂಗಡಿ ನೋಡಿಕೊಳ್ಳುವುದೂ ಇವನೇ. ಗಿರಾಕಿ ಬಂದರೆ ಗಡಿಯಾರದ ಹಿಂದೆ ಅಡಗಿಕೊಳ್ಳುತ್ತಿದ್ದನಂತೆ, ಅದು ಬೇರೆ ಮಾತು.

ಪರೀಕ್ಷೆ ಹತ್ತಿರ ಬಂದ ಹಾಗೆ ಬೀದಿಯವರಿಗೆಲ್ಲ ಅದೇ ಮಾತಾಯಿತು. ಬೋರ್ಡಿನಿಂದ ಬರುವ ಪರೀಕ್ಷಕರು ವಾಮನರಾಯರು. ತೆಳ್ಳಗಿನ ಮನುಷ್ಯ, ಬಿಳಿಯ ತಲೆ, ಇಸ್ತ್ರಿ ಮಾಡಿದ ಅಂಗಿಯ ಗುಂಡಿಗಳನ್ನು ಕತ್ತಿನವರೆಗೂ ಹಾಕಿರುತ್ತಾರೆ. ಕಣ್ಣಾರೆ ಕಾಣದ್ದಕ್ಕೆ ಅಂಕ ಕೊಡುವವರಲ್ಲ. ವರ್ಷವರ್ಷವೂ ಬಂದು ಹೋಗುತ್ತಾ ನಮ್ಮೆಲ್ಲರ ಗುಣ ಅವರಿಗೆ ಬಾಯಿಪಾಠವಾಗಿತ್ತು, ಅವರ ಗುಣವೇನೆಂದು ಮಾತ್ರ ನಮಗೆ ಯಾರಿಗೂ ತಿಳಿದಿರಲಿಲ್ಲ. ಗವಿರಂಗನ ಪಾಲಿಗೆ ಕಾಲೇಜಿನಿಂದ ಬಂದದ್ದು ಒಂದು ಹಳೆಯ ಟೇಬಲ್ ಫ್ಯಾನು, ಅತ್ತಿಂದಿತ್ತ ಕತ್ತು ತಿರುಗಿಸುವಂಥದ್ದು. ಅವನು ಅದನ್ನು ಸರಿಮಾಡಿದ. ನಾನೊಬ್ಬಳೇ ಇದ್ದರೆ ಅದು ಕತ್ತು ಆಡಿಸಿಕೊಂಡು ಸೊಗಸಾಗಿ ಗಾಳಿ ಬೀಸುತ್ತಿತ್ತು. ರುದ್ರಾಣಮ್ಮ ಬಂದರೆ ತುಸು ನಿಧಾನ. ಕೊರಿಯರಿನವನು ಬಂದ ದಿನ ಮೆಲ್ಲಗೆ ಕತ್ತು ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ, ರೆಕ್ಕೆ ನಿಲ್ಲಿಸಿತು. ಅವನು ಹೋಗುವ ತನಕ ಈ ಕಡೆ ತಿರುಗಲಿಲ್ಲ.

ಹುಡುಗನಿಗೆ ಧೈರ್ಯ ಬಂದರೆ ಫ್ಯಾನಿಗೂ ಬಂದೀತು ಎಂದು ನಾವು ಮಾಡದ ಪ್ರಯತ್ನವಿಲ್ಲ. ಬಸ್‌ಸ್ಟ್ಯಾಂಡಿಗೆ ಕಳಿಸಿ, ಬಸ್ಸು ಹೋಗುವ ಊರಿನ ಹೆಸರನ್ನು ಕೂಗಿ ಬಾ ಎಂದೆ. ಅವನು ಒಬ್ಬೊಬ್ಬರ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿ ಬಂದ. ರುದ್ರಾಣಮ್ಮ ಬಯ್ಯುವುದು ಹೇಗೆಂದು ಕಲಿಸಿದಳು. ಅವನು 'ಲೋ' ಎಂದವನೇ ಕ್ಷಮೆ ಕೇಳಿದ. ಸುಮಾರು ಪ್ರಯತ್ನಗಳು ಹೀಗೇ ನೆಲ ಕಚ್ಚಿದವು. ಪಾಸಾಗದಿದ್ದರೆ ಏನು ಮಾಡುತ್ತೀಯೋ ಎಂದು ಒಂದು ದಿನ ಕೇಳಿಯೇಬಿಟ್ಟೆ. ಕುರಿಗಳ ಜೊತೆ ಇರ್ತೀನಕ್ಕ ಎಂದ. ಆಮೇಲೆ ಸ್ವಲ್ಪ ಹೊತ್ತಿಗೆ, ಆದರೆ ಈ ಕೆಲಸ ತನಗೆ ಬಹಳ ಇಷ್ಟ ಎಂದೂ ಸೇರಿಸಿದ.

ಪರೀಕ್ಷೆಯ ಬೆಳಿಗ್ಗೆ, ಅವನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ನನಗೊಂದು ಬುದ್ಧಿ ಹೊಳೆಯಿತು. ನನ್ನ ಕೈಯಿಂದ ಒಂದೇ ಒಂದು ಸ್ಕ್ರೂ ಬಿಗಿದರೆ ಫ್ಯಾನಿಗೆ ಒಂಚೂರು ಮಾತು ಬಂದೀತು, ರಾಯರಿಗೆ ನಮಸ್ಕಾರ ಅಂದೀತು, ಅಷ್ಟು ಸಾಕಲ್ಲ. ಸ್ಕ್ರೂಡ್ರೈವರ್ ಹಿಡಿದು ಹೋದೆ. ನೋಡಿದರೆ ಎಲ್ಲ ಸ್ಕ್ರೂಗಳೂ ಆಗಲೇ ಗಟ್ಟಿಯಾಗಿ ಕೂತಿವೆ, ನನ್ನ ಪಾಲಿಗೆ ಅರ್ಧ ಸುತ್ತೂ ಉಳಿದಿಲ್ಲ. ಹುಡುಗನೇ ಬಿಗಿದಿದ್ದಾನೆ ಎಂದುಕೊಂಡು ಸುಮ್ಮನೆ ಬಂದೆ.

ವಾಮನರಾಯರು ಮಧ್ಯಾಹ್ನ ಬಂದು ಬೆಂಚಿನ ಮೇಲೆ ಕೂತರು. ಏನೋ ಕೆಲಸವಿದ್ದವರಂತೆ ರುದ್ರಾಣಮ್ಮ, ಹುಸೇನ್ ಸಾಬರು, ಚಿಕ್ಕರಾಮಣ್ಣ ಮೂವರೂ ನನ್ನ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಚಿಕ್ಕರಾಮಣ್ಣ ಆ ಹೊತ್ತಿನಲ್ಲಿ ಎಚ್ಚರವಾಗಿದ್ದಾನೆ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಗವಿರಂಗ ಗೋಡೆ ನೋಡಿಕೊಂಡೇ ಸ್ವಿಚ್ಚು ಹಾಕಿದ. ಫ್ಯಾನು ರಾಯರ ಮೇಲೆ ಒಂದೇ ಸಲ ಮುಗಿಬಿತ್ತು. ಅವರ ಕಾಗದಗಳು ಹಾರಿದವು, ಕನ್ನಡಕ ಓರೆಯಾಯಿತು, ರೆಕ್ಕೆಗಳು ಅವರ ಏಳು ತಲೆಮಾರನ್ನು ಬಯ್ದಂತೆ ಅಬ್ಬರಿಸಿದವು. ಅದಾದ ಮೇಲೆ ಏನೋ ನೆನಪಾದಂತೆ ಕುಲುಕುಲು ಕುಲುಕಿ ಮೇಜಿನ ಮೇಲೆಲ್ಲ ನಗುತ್ತಾ ಕುಣಿಯಿತು. ಕೊನೆಗೆ ಕತ್ತು ಒಂದು ಕಡೆ ವಾಲಿಸಿ, ಗೊರ್ ಎಂದು ನಿದ್ದೆ ಹೋಯಿತು.

ರಾಯರು ಕನ್ನಡಕ ಸರಿಮಾಡಿಕೊಂಡರು. "ಮೊದಲು ರುದ್ರಾಣಮ್ಮ. ಆಮೇಲೆ ಹುಸೇನ್ ಸಾಬರು. ಈಗ ಮಲಗಿರೋದು ಚಿಕ್ಕರಾಮಣ್ಣ," ಎಂದರು. ದನಿ ಏರಿಸಲಿಲ್ಲ. "ಹುಡುಗ ಇದರಲ್ಲಿ ಎಲ್ಲಿದ್ದಾನೆ?"

ಮೂವರೂ ನೆಲ ನೋಡಿದರು. ಒಬ್ಬರಿಗೆ ಗೊತ್ತಿಲ್ಲದಂತೆ ಒಬ್ಬರು ಬಂದು ಒಂದೊಂದು ಸ್ಕ್ರೂ ಬಿಗಿದು ಹೋಗಿದ್ದರು, ಒಬ್ಬೊಬ್ಬರೂ ತಾವೊಬ್ಬರೇ ಎಂದುಕೊಂಡು. ರಾಯರು ಪೆನ್ನಿನ ಮುಚ್ಚಳ ಹಾಕಿದರು. ಅದರ ಅರ್ಥ ನಮಗೆಲ್ಲ ಗೊತ್ತು. ನಾನು ಶುರುಮಾಡಿದೆ: ಹುಡುಗನ ತಪ್ಪಿಲ್ಲ, ಊರಿನವರ ಪ್ರೀತಿ ಹೆಚ್ಚಾಯಿತು, ಅವನ ಕೈಚಳಕ ನೋಡಬೇಕು, ಕುರಿಹಟ್ಟಿಯಿಂದ ಓದಲು ಬಂದ ಮೊದಲನೆಯವನು, ಇನ್ನೊಂದು ಅವಕಾಶ ಕೊಡಿ ಎಂದು. ನಾನು ಇನ್ನೂ ಎಷ್ಟು ಹೊತ್ತು ಮಾತಾಡುತ್ತಿದ್ದೆನೋ, ಅಷ್ಟರಲ್ಲಿ ಗವಿರಂಗ ಪ್ಲಗ್ಗು ಕಿತ್ತು, ಫ್ಯಾನನ್ನು ಎತ್ತಿಕೊಂಡು ನೆಲದ ಮೇಲೆ ಕೂತ. ಯಾರನ್ನೂ ಕೇಳಲಿಲ್ಲ. ಟವೆಲು ಹಾಸಿ, ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಬಿಚ್ಚತೊಡಗಿದ. ಏಳಲು ಹೊರಟಿದ್ದ ರಾಯರು ಹಾಗೇ ಕೂತರು.

ಮೊದಲ ಸ್ಕ್ರೂ ಬಿಡಲಿಲ್ಲ, ಇವನಂಥವನೂ ಹಲ್ಲು ಕಚ್ಚಿ ತಿರುಗಿಸಬೇಕಾಯಿತು. ಅದನ್ನು ತಟ್ಟೆಗೆ ಹಾಕುತ್ತಾ, "ಇದು ರುದ್ರಾಣಮ್ಮಾರ್ದು," ಎಂದ. "ರೊಟ್ಟಿ ಕೊಡಾಕೆ ಬಂದಾಗ ಹಾಕಿರ್ಬೇಕು." ಎರಡನೆಯದನ್ನು ತೆಗೆದ. "ಇದು ಸಾಬರ್ದು. ಓರೆ ಆಗೈತೆ, ನಗ್ತಾ ತಿರುಗಿಸವ್ರೆ." ಇನ್ನೊಂದು ತಡವಾಗಿ, ಆಕಳಿಸಿದಂತೆ ಬಂತು, ಅದು ಚಿಕ್ಕರಾಮಣ್ಣನದು, ಬಿಗಿಯುವಾಗಲೇ ನಿದ್ದೆ ಬಂದಿರಬೇಕು ಎಂದ. ಹೊಸಬರ ಎದುರಿಗೆ ಅವನ ಬಾಯಿಂದ ಅಷ್ಟು ಮಾತು ಬಂದದ್ದು ಅದೇ ಮೊದಲು. ಅವನಿಗೆ ಅದು ಗೊತ್ತೇ ಆಗಲಿಲ್ಲ. ಒಂದೊಂದು ಸ್ಕ್ರೂವನ್ನೂ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುವಾಗ ಅದು ಯಾರದೋ ಅವರ ಕೈ ಹಿಡಿದುಕೊಂಡಷ್ಟು ನಿಧಾನವಾಗಿ ತೊಳೆದ. ರುದ್ರಾಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು, ನೋಡುತ್ತಿದ್ದ ನನಗೆ ಏನು ನೋಡ್ತೀಯ ಎಂದು ಗದರಿದಳು.

ಫ್ಯಾನು ಮತ್ತೆ ಕೂಡಿಕೊಂಡಿತು. ಮೇಜಿನ ಮೇಲಿಟ್ಟು ಸ್ವಿಚ್ಚು ಹಾಕಿದ. ರೆಕ್ಕೆ ಒಂದು ಸುತ್ತು ತಿರುಗಿತು, ಎದುರಿಗೆ ಕೂತ ರಾಯರನ್ನು ಕಂಡಿತು, ಮೆಲ್ಲಗೆ ಕತ್ತು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಿತು. ರಾಯರು ಎದ್ದು ಗೋಡೆಯ ಪಕ್ಕಕ್ಕೆ ಹೋಗಿ ನೋಡಿದರು. ಅದು ಈ ಕಡೆ ತಿರುಗಿತು. ಅವರು ಈ ಕಡೆ ಬಂದರು. ಅದು ಆ ಕಡೆ ತಿರುಗಿತು. ಹುಸೇನ್ ಸಾಬರಿಗೂ ನಗು ಬರಲಿಲ್ಲ. ಬೀದಿಯ ಕೊನೆಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು, ರಾಯರ ಊರಿಗೆ ಅವತ್ತಿಗೆ ಇದ್ದದ್ದು ಅದೊಂದೇ ಬಸ್ಸು. ಅವರು ಚೀಲ ಹೆಗಲಿಗೆ ಹಾಕಿಕೊಂಡು, ತಮ್ಮಿಂದ ಏನೂ ಮಾಡಲಾಗದು, ಗುಣ ಗೊತ್ತಾದರೂ ಓಡುವುದನ್ನು ನೋಡದೆ ಓಡುತ್ತದೆ ಎಂದು ಬರೆಯಲಾಗುವುದಿಲ್ಲ ಎಂದರು. ಹೇಳುವಾಗ ಅವರಿಗೂ ಸಂಕಟವಾಗುತ್ತಿತ್ತು.

ನನ್ನ ಬಾಯಲ್ಲಿ ಮಾತುಗಳು ಜಾತ್ರೆಯ ಹಾಗೆ ನುಗ್ಗಿ ಬಂದವು. ಆದರೆ ಅದೇಕೋ ಗವಿರಂಗನ ಬೆನ್ನು ನೋಡಿ, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ. ಜೀವಮಾನದಲ್ಲಿ ನಾನು ಪಟ್ಟ ದೊಡ್ಡ ಕಷ್ಟ ಅದೇ. ಅವನು ಗೋಡೆ ಬಿಟ್ಟು ತಿರುಗಿದ. ಬಗ್ಗಿಸಿದ್ದ ಬೆನ್ನು ನೆಟ್ಟಗೆ ಮಾಡಿದ, ತಲೆ ತೊಲೆಗೆ ತಾಗಿತು. ರಾಯರ ಅಂಗಿಯ ಗುಂಡಿ ನೋಡುತ್ತಾ ಹೇಳಿದ.

"ಅದು ಕೆಟ್ಟಿಲ್ಲ ಸಾರ್. ನೀವು ಅದ್ಕೆ ಹೊಸಬ್ರು. ಒಸಿ ಹೊತ್ತು ಬೇಕು. ಕೂತ್ಕಳಿ."

"ಎಷ್ಟು ಹೊತ್ತಪ್ಪಾ?"

"ಗೊತ್ತಿಲ್ಲ ಸಾರ್. ನಂಗೆ ಇಲ್ಲಿ ಮೂರು ವಾರ ಬೇಕಾಯ್ತು."

ಬಸ್ಸು ಎರಡು ಸಲ ಹಾರನ್ನು ಹೊಡೆದು ಹೊರಟುಹೋಯಿತು. ರಾಯರು ಅದರ ಸದ್ದು ಅಡಗುವ ತನಕ ನಿಂತಿದ್ದು, ಚೀಲ ಕೆಳಗಿಟ್ಟು ಬೆಂಚಿನ ಮೇಲೆ ಕೂತರು. ಫ್ಯಾನಿನ ಕಡೆ ನೋಡಲಿಲ್ಲ. ತಮ್ಮ ಅಂಗೈ ನೋಡಿಕೊಳ್ಳುತ್ತಾ, ಒಂದು ಲೋಟ ನೀರು ಸಿಗುತ್ತದೆಯೇ ಎಂದು ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ವರ್ಷ ಬಂದು ಹೋದರೂ ಅವರು ಈ ಊರಿನಲ್ಲಿ ಯಾರ ಹತ್ತಿರವೂ ನೀರು ಕೇಳಿದವರಲ್ಲ. ಬಿಗುಮಾನ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಗವಿರಂಗ ನೀರು ತಂದು ಕೊಟ್ಟ. ಅವರು ಅರ್ಧ ಕುಡಿದು ಲೋಟ ಮಡಿಲಲ್ಲಿ ಹಿಡಿದುಕೊಂಡರು.

"ಪರ ಊರಲ್ಲಿ ನೀರು ಕೇಳೋದಕ್ಕೆ ನನಗೆ ನಾಲಿಗೆ ಏಳೋಲ್ಲ," ಎಂದರು, ಲೋಟಕ್ಕೆ ಹೇಳುವಂತೆ. "ಇಷ್ಟು ವರ್ಷವೂ ಇಲ್ಲಿಂದ ಬಾಯಾರಿಕೊಂಡೇ ಹೋಗ್ತಿದ್ದೆ. ಬಸ್ಸು ಹತ್ತಿದ ಮೇಲೆ, ಕೇಳಿದ್ರೆ ಏನಾಗ್ತಿತ್ತು ಅಂತ ನನ್ನನ್ನ ನಾನೇ ಬೈಕೊಳ್ತಿದ್ದೆ."

ರುದ್ರಾಣಮ್ಮ ಸದ್ದಿಲ್ಲದೆ ಕಾಫಿ ಮಾಡಲು ಹೋದಳು. ಉಳಿದವರು ಯಾರೂ ಮಾತಾಡಲಿಲ್ಲ, ನಾನು ಕೂಡ. ಬಿಸಿಲು ಹೊಸ್ತಿಲಿನಿಂದ ಆಚೆಗೆ ಸರಿಯಿತು. ಗವಿರಂಗ ರಾಯರ ಪಕ್ಕದಲ್ಲಿ, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಹಟ್ಟಿಯಲ್ಲಿ ಕುರಿಗಳು ಎಷ್ಟಿವೆ ಎಂದು ಅವರು ಕೇಳಿದರು. ಅವನು ಹೇಳಿದ. ಮರಿಗಳಿಗೆ ಹೆಸರಿಡುತ್ತಾರೆಯೇ ಎಂದರು. ಅವನು ಕೆಲವು ಹೆಸರು ಹೇಳಿದ. ಮಾತು ಹೀಗೆ ಹನಿಹನಿಯಾಗಿ ಬೀಳುತ್ತಿರುವಾಗ ನನ್ನ ಕಿವಿಗೆ ಸಣ್ಣದೊಂದು ಸದ್ದು ತಗುಲಿತು. ಗೋಡೆಯ ಕ್ಯಾಲೆಂಡರಿನ ಹಾಳೆಗಳು ಅಲುಗಾಡುತ್ತಿದ್ದವು.

ಆಮೇಲೆ ಅವು ನಿಂತವು. ಫ್ಯಾನು ಗೋಡೆಯನ್ನು ಬಿಟ್ಟು ಒಂದು ಬೆರಳಿನಷ್ಟು ಈ ಕಡೆ ತಿರುಗಿತ್ತು. ಇನ್ನಷ್ಟು ತಿರುಗಿತು. ಗಾಳಿ ರಾಯರ ಪಂಚೆಯ ಅಂಚು ಮುಟ್ಟಿ ಹಿಂದಕ್ಕೆ ಹೋಯಿತು. ಮತ್ತೆ ಬಂತು, ಈ ಸಲ ಮೊಣಕಾಲಿನ ತನಕ. ಮೂರನೆಯ ಸಲ ಅವರ ಬಿಳಿಯ ಕೂದಲು ಹಣೆಯ ಮೇಲೆ ಎದ್ದು ಕೂತಿತು. ರಾಯರು ಲೋಟ ಹಿಡಿದು ಹಾಗೇ ಕೂತಿದ್ದರು. ತಲೆ ಎತ್ತಲಿಲ್ಲ. ಕಣ್ಣು ಇನ್ನೂ ಲೋಟದ ಮೇಲೇ ಇತ್ತು. ಹಾಗೇ, ಬಹಳ ಮೆಲ್ಲಗೆ ಗವಿರಂಗನನ್ನು ಕೇಳಿದರು.

"ಈಗ ನೋಡ್ಬಹುದಾ?"

ಗವಿರಂಗ ಮೊದಲು ಫ್ಯಾನಿನ ಕಡೆ ನೋಡಿದ. ಆಮೇಲೆ ತಿರುಗಿ, ರಾಯರ ಮುಖವನ್ನು ನೇರವಾಗಿ ನೋಡಿ, "ನೋಡಿ ಸಾರ್," ಎಂದ.